ಮಗನ ರಕ್ತಪರೀಕ್ಷೆ, ತಂದೆಯ ಭವಿಷ್ಯ: ತಿಳಿಯದೆ ಇರುವ ಹಕ್ಕು ಎಷ್ಟರ ಮಟ್ಟಿಗೆ?

ಪ್ರಶ್ನೆ: ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು

ನನ್ನ ತಾಯಿಗೆ ಹಂಟಿಂಗ್ಟನ್ ಎಂಬ, ಮೆದುಳಿನ ನರಕೋಶಗಳನ್ನು ಕ್ರಮೇಣ ಹಾಳುಮಾಡುವ ಕಾಯಿಲೆ ಇರುವುದು ಬೆಂಗಳೂರಿನಲ್ಲಿ ಮಾಡಿಸಿದ ವಂಶವಾಹಿ ಪರೀಕ್ಷೆಯಿಂದ ಖಚಿತವಾಗಿದೆ. ಅವರ ಕೈಕಾಲುಗಳು ಅಂಕೆಯಿಲ್ಲದೆ ಆಡುವುದನ್ನು ಊರಿನವರು ನರದೌರ್ಬಲ್ಯ ಎನ್ನುತ್ತಿದ್ದರು, ಕೆಲವರು ಚೌಡಿಯ ಕಾಟ ಎಂದೂ ಹೇಳಿದ್ದುಂಟು. ಈಗ ರೋಗಕ್ಕೆ ಹೆಸರು ಸಿಕ್ಕಿದೆ, ಜೊತೆಗೆ ಒಂದು ಇಕ್ಕಟ್ಟೂ ಬಂದಿದೆ. ತಂದೆತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ ಎಂದು ವೈದ್ಯರು ತಿಳಿಸಿದ್ದಾರೆ. ನನಗೆ 48 ವರ್ಷ. ಯಾವ ಲಕ್ಷಣವೂ ಇಲ್ಲ, ಪರೀಕ್ಷೆ ಮಾಡಿಸಿಕೊಳ್ಳುವ ಮನಸ್ಸೂ ಇಲ್ಲ. ಮಗನಿಗೆ ಮದುವೆಯ ಮಾತುಕತೆ ನಡೆಯುತ್ತಿದ್ದು, ಹುಡುಗಿಯ ಮನೆಯವರಿಂದ ಏನನ್ನೂ ಮುಚ್ಚಿಡಲಾರೆ, ಪರೀಕ್ಷೆ ಮಾಡಿಸಿಯೇ ತೀರುತ್ತೇನೆ ಎನ್ನುತ್ತಿದ್ದಾನೆ. ಅವನಲ್ಲಿ ದೋಷ ಕಂಡರೆ ಅದು ನನ್ನಿಂದಲೇ ಹೋದದ್ದು, ಅಂದರೆ ನನ್ನ ರಕ್ತ ತೆಗೆಯದೆಯೇ ನನ್ನ ಫಲಿತಾಂಶ ಹೊರಬೀಳುತ್ತದೆ. ಗುಣಪಡಿಸಲಾಗದ ರೋಗವನ್ನು ಇಷ್ಟು ನಿಖರವಾಗಿ ಮುಂಚೆಯೇ ಹೇಳುವ ವೈದ್ಯಕೀಯವು ಸಂಕಟವನ್ನು ತಗ್ಗಿಸುತ್ತದೆಯೋ, ಹತ್ತಿಪ್ಪತ್ತು ವರ್ಷ ಮೊದಲೇ ಶುರುಮಾಡುತ್ತದೆಯೋ? ಅವನನ್ನು ತಡೆಯುವ ಹಕ್ಕು ನನಗಿದೆಯೇ?

ಉತ್ತರ: ವೈದ್ಯ, ಶಿವಮೊಗ್ಗ

ತಡೆಯುವ ಹಕ್ಕಿಲ್ಲ ಎಂದೇ ನನ್ನ ಅಭಿಪ್ರಾಯ. ಅವರು ವಯಸ್ಕರು, ರಕ್ತ ಅವರದು. ಆದರೆ ನಿಖರತೆಯ ಬಗ್ಗೆ ಎರಡು ಮಾತು ಹೇಳಲೇಬೇಕು. 1993ರಲ್ಲಿ ಪತ್ತೆಯಾದ ಈ ವಂಶವಾಹಿಯಲ್ಲಿ ಸಿಎಜಿ ಎಂಬ ಮೂರಕ್ಷರದ ತುಣುಕು ಎಷ್ಟು ಬಾರಿ ಪುನರಾವರ್ತನೆಯಾಗಿದೆ ಎಂಬುದನ್ನು ಪರೀಕ್ಷೆ ಎಣಿಸುತ್ತದೆ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಾಮಾನ್ಯ ಆಯುಸ್ಸಿನೊಳಗೆ ರೋಗ ಬಂದೇ ಬರುತ್ತದೆ, 36ರಿಂದ 39ರ ನಡುವೆ ಬರಬಹುದು, ಬಾರದೆಯೂ ಇರಬಹುದು. ಯಾವ ವರ್ಷ ಶುರುವಾದೀತು, ಮೊದಲು ಕೆಡುವುದು ನಡಿಗೆಯೋ ಮನಸ್ಸೋ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ತಂದೆಯಿಂದ ಮಗುವಿಗೆ ದಾಟುವಾಗ ಎಣಿಕೆ ಬೆಳೆಯುವ ಸಂಭವ ಹೆಚ್ಚು, ಆದ್ದರಿಂದ ಮಗನ ಸಂಖ್ಯೆಯನ್ನು ನಿಮ್ಮ ಸಂಖ್ಯೆಯೆಂದು ಓದಿಕೊಳ್ಳುವಂತಿಲ್ಲ. ಮಗನಲ್ಲಿ ದೋಷವಿಲ್ಲವೆಂದು ಬಂದರೂ ನೀವು ಪಾರಾದಂತಲ್ಲ. ವಯಸ್ಸನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ನಿಮ್ಮ ಸಾಧ್ಯತೆ ಅರ್ಧದಿಂದ ಮೂರನೇ ಒಂದಕ್ಕೆ ಇಳಿಯುತ್ತದೆ, ಅಷ್ಟೆ.

ಚಿಕಿತ್ಸೆಯ ಕಡೆಯಿಂದ ದೊಡ್ಡ ನಿರೀಕ್ಷೆ ಹುಟ್ಟಿಸಿದ್ದ ಟೊಮಿನರ್ಸೆನ್ ಎಂಬ ಔಷಧದ ಪ್ರಯೋಗದಲ್ಲಿ 2021ರ ಮಾರ್ಚ್‌ನಲ್ಲಿ ಅದನ್ನು ಕೊಡುವುದನ್ನೇ ನಿಲ್ಲಿಸಬೇಕಾಯಿತು. ಮೆದುಳಿಗೆ ನೇರವಾಗಿ ಸೇರಿಸುವ ಜೀನ್ ಚಿಕಿತ್ಸೆಯೊಂದು ರೋಗದ ವೇಗ ತಗ್ಗಿಸಿತೆಂಬ ವರದಿ 2025ರಲ್ಲಿ ಬಂದಿದೆಯಾದರೂ ಅದು ಕೆಲವೇ ರೋಗಿಗಳ ಮಾತು. ಈ ಅನಿಶ್ಚಿತತೆಯ ನಡುವೆ ಪರೀಕ್ಷೆ ಬೇಡವೆನ್ನುವುದು ಅಜ್ಞಾನವೂ ಅಲ್ಲ, ಹೇಡಿತನವೂ ಅಲ್ಲ. ಆ ವಂಶವಾಹಿಯ ಹುಡುಕಾಟವನ್ನು ಮುನ್ನಡೆಸಿದ ನ್ಯಾನ್ಸಿ ವೆಕ್ಸ್‌ಲರ್ ತಾಯಿಯನ್ನು ಇದೇ ರೋಗದಿಂದ ಕಳೆದುಕೊಂಡವರು. ಪರೀಕ್ಷೆ ಸಾಧ್ಯವಾದ ಮೇಲೂ ಅವರು ಅದನ್ನು ಮಾಡಿಸಿಕೊಳ್ಳದೆ ದಶಕಗಳ ಕಾಲ ಕೆಲಸ ಮಾಡಿ, ತಮಗೂ ರೋಗವಿದೆಯೆಂದು 2020ರಲ್ಲಿ ಬಹಿರಂಗವಾಗಿ ಹೇಳಿದರು.

ಉತ್ತರ: ನಿವೃತ್ತ ಆರೋಗ್ಯ ಕಾರ್ಯಕರ್ತೆ, ಸಾಗರ

ಡಾಕ್ಟರರು ಇದನ್ನು ತಂದೆ ಮತ್ತು ಮಗನ ಹಕ್ಕಿನ ಪ್ರಶ್ನೆಯಾಗಿಯೇ ನೋಡಿದ್ದು ನನಗೆ ಸಾಲದೆನಿಸಿತು. ನಮ್ಮ ತಾಲ್ಲೂಕಿನ ಹಂದಿಗೋಡು ಕಾಯಿಲೆ ನರಗಳದ್ದಲ್ಲ, ಕೀಲು ಮೂಳೆಗಳದ್ದು. ಆದರೆ ಅದೂ ವಂಶದಲ್ಲಿ ಹರಿದು ಬರುವಂಥದ್ದು. 1970ರ ದಶಕದಲ್ಲಿ ಬೆಳಕಿಗೆ ಬಂದಾಗ ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ವಾದವೂ ಇತ್ತು. ತಂಡಗಳು ಬಂದವು, ರಕ್ತ ತೆಗೆದರು, ಎಕ್ಸ್‌ರೇ ಹಿಡಿದರು, ಕೊನೆಗೆ ಆನುವಂಶಿಕವೆಂದರು. ಹೆಚ್ಚಾಗಿ ದಲಿತ ಕೂಲಿ ಕುಟುಂಬಗಳಿಗೆ ಸೇರಿದ ಆ ರೋಗಿಗಳಿಗೆ ಕಾರಣ ತಿಳಿದ ಮೇಲೂ ಬೇಕಾಗಿದ್ದದ್ದು ನೋವಿನ ಮಾತ್ರೆ, ಪಿಂಚಣಿ, ಮನೆಯ ಹತ್ತಿರ ನೀರು. ಊರಿನ ಹೆಸರೇ ರೋಗದ ಹೆಸರಾಗಿ ನಿಂತದ್ದನ್ನು ಮಾತ್ರ ಯಾರೂ ವಾಪಸು ಪಡೆಯಲಿಲ್ಲ. ಆದ್ದರಿಂದ ನಿಮ್ಮ ಮಗನ ವರದಿ ಯಾರ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಮೊದಲು ಯೋಚಿಸಿ. ವಂಶವಾಹಿಯ ಆಧಾರದ ಮೇಲೆ ತಾರತಮ್ಯ ಮಾಡಬಾರದೆಂಬ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಇನ್ನು ನಿಮ್ಮ ತಮ್ಮ ತಂಗಿಯರ ಮಕ್ಕಳಿಗೂ ನಾಳೆ ಸಂಬಂಧ ನೋಡುತ್ತಾರೆ.

ಉತ್ತರ: ಶುಶ್ರೂಷೆ ಮಾಡಿದವರು, ಹೊಸನಗರ

ನನ್ನ ಯಜಮಾನರು ಇದೇ ಕಾಯಿಲೆಯಲ್ಲಿ ತೀರಿಕೊಂಡರು. ಸಂಕಟ ಎಲ್ಲಿರುತ್ತದೆ ಎಂಬ ಬಗ್ಗೆ ಮಾತ್ರ ಒಂದು ವಿಷಯ ಹೇಳುತ್ತೇನೆ. ಕೈಕಾಲು ಆಡುವುದು ನೋಡುವವರಿಗೆ ಭಯಂಕರವಾಗಿ ಕಾಣುತ್ತದೆ, ಆದರೆ ಅನೇಕ ರೋಗಿಗಳಿಗೆ ಅದರ ಅರಿವೇ ಸರಿಯಾಗಿ ಇರುವುದಿಲ್ಲವೆಂದು ನಮ್ಮ ವೈದ್ಯರು ಹೇಳಿದ್ದರು; ಯಜಮಾನರನ್ನು ಕೇಳಿದರೂ “ನನಗೇನಾಗಿದೆ?” ಎನ್ನುತ್ತಿದ್ದರು. ಅವರನ್ನು ಕಾಡುತ್ತಿದ್ದದ್ದು ಬೇರೆ: ಮದುವೆ ಮನೆಯ ಪಂಕ್ತಿಯಲ್ಲಿ ಕುಡಿದು ಬಂದಿದ್ದಾರೆಂದು ಪಕ್ಕದವರು ಎಲೆ ಸರಿಸಿಕೊಂಡದ್ದು, ತೋಟದ ಲೆಕ್ಕವನ್ನು ಮೈದುನ ತೆಗೆದುಕೊಂಡದ್ದು, ಕಾಫಿ ನೆತ್ತಿಗೇರುತ್ತದೆಂದು ನಾನು ಲೋಟ ಕಸಿದುಕೊಂಡು ಗಟ್ಟಿ ಗಂಜಿಯನ್ನೇ ಚಮಚದಲ್ಲಿ ಕೊಡಲು ಶುರುಮಾಡಿದ್ದು. ಕೈಕಾಲು ಆಡುವುದನ್ನು ತಗ್ಗಿಸಲು ಕೊಟ್ಟ ಟೆಟ್ರಾಬೆನಜೀನ್ ಮಾತ್ರೆಯಿಂದ ಕೈ ಶಾಂತವಾಯಿತು, ಮನಸ್ಸು ಮಂಕಾಯಿತು. ಆ ಮಾತ್ರೆಗೆ ಖಿನ್ನತೆ ತರುವ ಗುಣವಿದೆ. ಆ ಶಾಂತಿ ಅವರಿಗಿಂತ ನೋಡುವವರಿಗೇ ಹೆಚ್ಚು ಒದಗಿತೆಂದು ತಿಳಿದ ಮೇಲೆ ವೈದ್ಯರನ್ನು ಕೇಳಿ ಪ್ರಮಾಣ ಇಳಿಸಿಕೊಂಡೆವು.

ಹೀಗಿರುವಾಗ ರೋಗದ ಜಾಗ ಗೊತ್ತಾದ ಮಾತ್ರಕ್ಕೆ ಸಂಕಟದ ಜಾಗವೂ ಗೊತ್ತಾಯಿತೆಂದು ನಾನು ಒಪ್ಪಲಾರೆ. ನಿಮ್ಮ ಮಗನಿಗೆ ಪರೀಕ್ಷೆ ಬೇಕಿದ್ದರೆ ಮಾಡಿಸಲಿ, ಆದರೆ ಹುಡುಗಿಗೆ ಸತ್ಯ ಹೇಳಲು ಅದೇನೂ ಬೇಕಾಗಿಲ್ಲ. “ಅಜ್ಜಿಗೆ ಹೀಗಿದೆ, ನನಗೆ ಬರಬಹುದು, ಬಾರದೆಯೂ ಇರಬಹುದು” ಎಂಬುದೂ ಪೂರ್ಣ ಸತ್ಯವೇ.

ಮರುಪ್ರಶ್ನೆ: ಅಡಿಕೆ ಬೆಳೆಗಾರ

ಈ ಕೊನೆಯ ಮಾತನ್ನು ಮಗನಿಗೆ ಹೇಳಿದೆ. ಹುಡುಗಿಯೊಡನೆ ಮೊದಲು ಮಾತಾಡುತ್ತೇನೆ, ಪರೀಕ್ಷೆಯ ವಿಚಾರ ಬಿಟ್ಟಿಲ್ಲ ಎಂದ. ಒಂದೊಮ್ಮೆ ಮಾಡಿಸಿದರೆ, ಫಲಿತಾಂಶ ನನ್ನ ಕಿವಿಗೆ ಬೀಳದಂತೆ ಏರ್ಪಾಟು ಮಾಡಲು ಸಾಧ್ಯವೇ?

ಉತ್ತರ: ವೈದ್ಯ, ಶಿವಮೊಗ್ಗ

ಆಸ್ಪತ್ರೆಯ ಮಟ್ಟದಲ್ಲಿ ಸಾಧ್ಯ. ಸರಿಯಾದ ಕೇಂದ್ರಗಳಲ್ಲಿ ರಕ್ತ ತೆಗೆಯುವ ಮುನ್ನ ಆಪ್ತಸಮಾಲೋಚನೆ ಇರುತ್ತದೆ. ವರದಿ ಸಿದ್ಧವಾದ ಮೇಲೂ ತೆರೆಯುವುದು ಬೇಡವೆನ್ನಬಹುದು. ಮನೆಯ ಮಟ್ಟದಲ್ಲಿ ಮಾತ್ರ ಕಷ್ಟ, ಏಕೆಂದರೆ ಮಗ ಹಗುರಾದರೂ ಕುಗ್ಗಿದರೂ ನೀವು ಮುಖ ನೋಡಿಯೇ ಊಹಿಸುತ್ತೀರಿ. ಆದ್ದರಿಂದ ಸಮಾಲೋಚನೆಗೆ ನೀವೂ ಹೋಗಿ, ಆದರೆ ಬೇರೆ ದಿನ, ಒಬ್ಬರೇ.