ದೂರದ ರಾಸ್ಪ್‌ಬೆರಿ ಪೈಗೆ ಸ್ಥಿರ ಐಪಿ ವಿಳಾಸ: ಸಂಪರ್ಕ ಕಡಿಯದಂತೆ ಕೊಡುವುದು ಹೇಗೆ?

ಪ್ರಶ್ನೆ

ಶಿರಸಿ ಸಮೀಪದ ನಮ್ಮ ತೋಟದ ಮನೆಯಲ್ಲಿ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಇದೆ. ಅದರಲ್ಲಿ ಬುಕ್‌ವರ್ಮ್ ಆವೃತ್ತಿಯ ಓಎಸ್ ಇದ್ದು, ಈಥರ್ನೆಟ್ ಕೇಬಲ್ ಮೂಲಕ ರೂಟರ್‌ಗೆ ಜೋಡಿಸಿದೆ. ನಾನಿರುವುದು ಬೆಂಗಳೂರಿನಲ್ಲಿ. ಪೈ ನನ್ನ ಬಾಡಿಗೆ ಸರ್ವರ್‌ಗೆ ವೈರ್‌ಗಾರ್ಡ್ (ಸುರಕ್ಷಿತ ಖಾಸಗಿ ಜಾಲ, ಅಂದರೆ ವಿಪಿಎನ್) ಸಂಪರ್ಕ ಇಟ್ಟುಕೊಂಡಿರುತ್ತದೆ. ಅದರ ಮೂಲಕವೇ ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಆಜ್ಞೆ ಕೊಡುವ ವಿಧಾನ) ಒಳಹೋಗುತ್ತೇನೆ. ಕರೆಂಟ್ ಹೋಗಿ ಬಂದ ಮೇಲೆ ರೂಟರ್ ಒಮ್ಮೊಮ್ಮೆ ಪೈಗೆ ಬೇರೆ ವಿಳಾಸ ಕೊಡುವುದರಿಂದ, ಅಂಗಳದ ಕ್ಯಾಮೆರಾದ ರೆಕಾರ್ಡಿಂಗ್ ಪೈಗೆ ಬರುವುದು ನಿಂತುಹೋಗುತ್ತದೆ. ಆದ್ದರಿಂದ 192.168.1.50 ಎಂಬ ಸ್ಥಿರ ವಿಳಾಸ ಕೊಡಬೇಕೆಂದಿದ್ದೇನೆ. ಹಳೆಯ ಲೇಖನಗಳೆಲ್ಲ ಹಿಂದೆ ನೆಟ್‌ವರ್ಕ್ ಸೆಟ್ಟಿಂಗ್ ಇರುತ್ತಿದ್ದ ಡಿಎಚ್‌ಸಿಪಿಸಿಡಿ ಫೈಲನ್ನು ತಿದ್ದಲು ಹೇಳುತ್ತವೆ, ಆದರೆ ಇಲ್ಲಿ ಆ ಫೈಲೇ ಕಾಣುವುದಿಲ್ಲ. ಏನಾದರೂ ಕೈಕೊಟ್ಟರೆ ಅಪ್ಪ ಪ್ಲಗ್ ತೆಗೆದು ಹಾಕಬಲ್ಲರು, ಅಷ್ಟೇ.

ಉತ್ತರ 1

ಪೈಯನ್ನು ಮುಟ್ಟಲೇಬೇಡಿ. ರೂಟರ್‌ನ ಡಿಎಚ್‌ಸಿಪಿ (ವಿಳಾಸ ಹಂಚುವ ವ್ಯವಸ್ಥೆ) ಪುಟದಲ್ಲಿ ಪೈಯ ಮ್ಯಾಕ್ ವಿಳಾಸಕ್ಕೆ (ಅದರ ಹಾರ್ಡ್‌ವೇರ್ ಗುರುತು) 192.168.1.50 ಅನ್ನು ಕಾಯ್ದಿರಿಸಿದರೆ ಸಾಕು. ಎಸ್‌ಎಸ್‌ಎಚ್‌ನ ಪೋರ್ಟ್ ಫಾರ್ವರ್ಡಿಂಗ್ ಬಳಸಿದರೆ ರೂಟರ್‌ನ ಪುಟ ಬೆಂಗಳೂರಿನಲ್ಲಿರುವ ನಿಮ್ಮ ಬ್ರೌಸರ್‌ನಲ್ಲಿಯೇ ತೆರೆಯುತ್ತದೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು ಸರ್. ಆದರೆ ರೂಟರ್ ಇಂಟರ್ನೆಟ್ ಕಂಪನಿಯದು. ಅದರ ಅಡ್ಮಿನ್ ಪಾಸ್‌ವರ್ಡ್ ನಮಗೆ ಕೊಟ್ಟಿಲ್ಲ.

ಉತ್ತರ 2

ಹಾಗಿದ್ದರೆ ಪೈಯಲ್ಲಿಯೇ ಮಾಡಬೇಕಾಗುತ್ತದೆ. 2023ರ ಅಕ್ಟೋಬರ್‌ನಲ್ಲಿ ಬಂದ ಬುಕ್‌ವರ್ಮ್‌ನಿಂದ ನೆಟ್‌ವರ್ಕ್ ಉಸ್ತುವಾರಿ ನೆಟ್‌ವರ್ಕ್ ಮ್ಯಾನೇಜರ್‌ಗೆ ಸೇರಿದೆ. ಎನ್‌ಎಂಸಿಎಲ್‌ಐ ಆಜ್ಞೆಯಿಂದ ಅದನ್ನು ನಿರ್ವಹಿಸಬಹುದು. ಇರುವ ಪ್ರೊಫೈಲಿನಲ್ಲಿ (ಸಂಪರ್ಕದ ಸೆಟ್ಟಿಂಗ್‌ಗಳ ಕಟ್ಟು) ವಿಳಾಸ ತಿದ್ದಬೇಡಿ. ಆ ಪ್ರೊಫೈಲಿನ ಒಂದು ಪ್ರತಿ ಮಾಡಿ, ಸ್ಥಿರ ವಿಳಾಸವನ್ನು ಆ ಪ್ರತಿಯಲ್ಲಿ ಬರೆದು, ಅದರ ಆಟೋಕನೆಕ್ಟ್ (ತಾನಾಗಿಯೇ ಜಾರಿಗೆ ಬರುವ ಆಯ್ಕೆ) ಅನ್ನು ‘ನೋ’ ಎಂದಿಡಿ. ಹೀಗಿದ್ದರೆ ಪೈ ಯಾವ ಕಾರಣಕ್ಕೆ ರೀಬೂಟ್ ಆದರೂ, ನಿಮ್ಮ ತಂದೆಯವರು ಪ್ಲಗ್ ತೆಗೆದು ಹಾಕಿದರೂ ಸಹ, ಹಳೆಯ ಪ್ರೊಫೈಲೇ ಮತ್ತೆ ಜಾರಿಗೆ ಬರುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ‘ವೈರ್ಡ್ ಕನೆಕ್ಷನ್ 1’ ಎಂಬ ಹಳೆಯ ಪ್ರೊಫೈಲ್ ಅನೇಕ ವೇಳೆ ಡಿಸ್ಕ್‌ನಲ್ಲಿ ಇರುವುದೇ ಇಲ್ಲ; ಬೇರೆ ಪ್ರೊಫೈಲ್ ಇಲ್ಲದಾಗ ನೆಟ್‌ವರ್ಕ್ ಮ್ಯಾನೇಜರ್ ಅದನ್ನು ತಾನೇ ಸೃಷ್ಟಿಸಿಕೊಳ್ಳುತ್ತದೆ. ನೀವು ಪ್ರತಿ ಮಾಡಿಟ್ಟರೆ ಮುಂದಿನ ಬೂಟ್‌ನಲ್ಲಿ ಅದು ಸೃಷ್ಟಿಯಾಗದೆ ಹೋಗಬಹುದು. ಆದ್ದರಿಂದ ಮೊದಲು ಹಳೆಯದರ ಆಟೋಕನೆಕ್ಟ್ ಆದ್ಯತೆಯಂತಹ ಒಂದು ಸಣ್ಣ ಅಂಶವನ್ನು ಬದಲಿಸಿ, ಅದು ಇಟಿಸಿ ಅಡಿಯ ಸಿಸ್ಟಮ್ ಕನೆಕ್ಷನ್ಸ್ ಫೋಲ್ಡರ್‌ನಲ್ಲಿ ಫೈಲಾಗಿ ಉಳಿದಿದೆಯೇ ಎಂದು ನೋಡಿಕೊಳ್ಳಿ.

ಇದಾದ ಮೇಲೆ 10 ನಿಮಿಷಕ್ಕೆ ರೀಬೂಟ್ ನಿಗದಿಪಡಿಸಿ, ಹೊಸ ಪ್ರೊಫೈಲನ್ನು ಅಪ್ ಮಾಡಿ. ಸಂಪರ್ಕ ಉಳಿದರೆ ರೀಬೂಟ್ ರದ್ದುಮಾಡಿ. ಉಳಿಯದಿದ್ದರೆ ಕಾಫಿ ಕುಡಿದು ಬರುವಷ್ಟರಲ್ಲಿ ಪೈ ಹಳೆಯ ವಿಳಾಸಕ್ಕೆ ತಾನೇ ಮರಳಿರುತ್ತದೆ. ಜುನಿಪರ್ ರೂಟರ್‌ಗಳ ‘ಕಮಿಟ್ ಕನ್ಫರ್ಮ್ಡ್’, ಮೈಕ್ರೋಟಿಕ್‌ನ ಸೇಫ್ ಮೋಡ್, ಉಬುಂಟುವಿನ ‘ನೆಟ್‌ಪ್ಲಾನ್ ಟ್ರೈ’ ಇವೆಲ್ಲವೂ ಇದೇ ಉಪಾಯದ ಸಿದ್ಧರೂಪಗಳು.

ಉತ್ತರ 3

ಮೇಲಿನದಕ್ಕೆ ಒಂದು ಸೇರ್ಪಡೆ. ವೈರ್‌ಗಾರ್ಡ್‌ನ ಒಳಗಿನ ವಿಳಾಸ ಬದಲಾಗದ ಕಾರಣ, ಗೇಟ್‌ವೇ (ಹೊರಜಾಲಕ್ಕೆ ದಾರಿಯಾದ ರೂಟರ್‌ನ ವಿಳಾಸ) ಸರಿಯಾಗಿದ್ದರೆ ನಿಮ್ಮ ಎಸ್‌ಎಸ್‌ಎಚ್ ಕೆಲವು ಕ್ಷಣ ಸ್ತಬ್ಧವಾಗಿ ಮತ್ತೆ ಮುಂದುವರಿಯುತ್ತದೆ. ಅಷ್ಟಕ್ಕೇ ಎಲ್ಲವೂ ಸರಿಯಿದೆಯೆಂದು ನಂಬಬೇಡಿ. ಸ್ಥಿರ ವಿಳಾಸ ಕೊಟ್ಟಾಗ ಡಿಎನ್‌ಎಸ್ (ಹೆಸರಿಗೆ ಐಪಿ ಯಾವುದೆಂದು ತಿಳಿಸುವ ಸರ್ವರ್) ವಿಳಾಸವನ್ನೂ ಕೈಯಾರೆ ಬರೆಯಬೇಕು. ಅದು ಬಿಟ್ಟುಹೋದರೂ ಈಗ ಏನೂ ಗೊತ್ತಾಗುವುದಿಲ್ಲ, ಏಕೆಂದರೆ ವೈರ್‌ಗಾರ್ಡ್ ಸರ್ವರ್‌ನ ಹೆಸರನ್ನು ಆರಂಭದಲ್ಲಿಯೇ ಐಪಿಯಾಗಿ ಪರಿವರ್ತಿಸಿಕೊಂಡಿರುತ್ತದೆ. ಮುಂದಿನ ಸಲ ಕರೆಂಟ್ ಹೋಗಿ ಬಂದಾಗ ಆ ಹೆಸರು ಸಿಗದೆ ಸಂಪರ್ಕ ಏಳುವುದೇ ಇಲ್ಲ. ರೀಬೂಟ್ ರದ್ದುಮಾಡುವ ಮುನ್ನ ಪೈಯಿಂದ ಯಾವುದಾದರೂ ಜಾಲತಾಣದ ಹೆಸರಿಗೆ ಪಿಂಗ್ ಮಾಡಿ ನೋಡಿ. 192.168.1.50 ಮನೆಯ ಇನ್ನಾವ ಸಾಧನಕ್ಕೂ ಸಿಗಬಾರದು. ರೂಟರ್ ಹಂಚುವ ವಿಳಾಸಗಳ ವ್ಯಾಪ್ತಿ ತಿಳಿಯದಿದ್ದರೆ ಕಂಪನಿಯವರನ್ನೇ ಕೇಳಿ.

ಪ್ರಶ್ನೆ ಕೇಳಿದವರು

ವ್ಯಾಪ್ತಿ 100ರಿಂದ 200ರವರೆಗೆ ಎಂದು ಕಂಪನಿಯವರು ತಿಳಿಸಿದ್ದಾರೆ, ಹಾಗಾಗಿ 50 ಬಳಸಲು ಅಡ್ಡಿಯಿಲ್ಲ. ಎಲ್ಲ ಸರಿಹೋದರೆ ಹೊಸ ಪ್ರೊಫೈಲಿನ ಆಟೋಕನೆಕ್ಟ್ ‘ಯೆಸ್’ ಮಾಡಿದರೆ ಸಾಕೇ?

ಉತ್ತರ 2

ಜೊತೆಗೆ ಅದರ ಆದ್ಯತೆಯ ಸಂಖ್ಯೆ ಹಳೆಯದಕ್ಕಿಂತ ಹೆಚ್ಚಿರಲಿ. ಆಮೇಲೆ ತಂದೆಯವರು ಮನೆಯಲ್ಲಿರುವಾಗ ನೀವಾಗಿಯೇ ಒಮ್ಮೆ ರೀಬೂಟ್ ಮಾಡಿ ಪರೀಕ್ಷಿಸಿ. ಹಳೆಯ ಪ್ರೊಫೈಲನ್ನು ಅಳಿಸಬೇಡಿ.