ಹೊಗೆಬಂಡಿ, ಉಗಿಬಂಡಿ, ಹಬೆ ಎಂಜಿನ್: ಯಾವುದಕ್ಕೆ ಯಾವ ಪದ?

ಪ್ರಶ್ನೆ: ಚಿಕ್ಕಬಳ್ಳಾಪುರದ ಶಾಲಾಮಕ್ಕಳು ಮೈಸೂರಿನ ರೈಲು ಮ್ಯೂಸಿಯಂ ನೋಡಲು ಹೊರಡುವ ಮುನ್ನ ಅವರಿಗೆ ಕೊಡಲು ಎರಡು ಪುಟದ ಪದಪಟ್ಟಿ ಸಿದ್ಧವಾಗುತ್ತಿದೆ. ಬಯಲಲ್ಲಿ ನಿಲ್ಲಿಸಿರುವ ಸ್ಟೀಮ್ ಎಂಜಿನ್‌ಗೆ ಕರಡಿನಲ್ಲಿ ಒಂದೆಡೆ ಹೊಗೆಬಂಡಿ, ಇನ್ನೊಂದೆಡೆ ಉಗಿಬಂಡಿ, ಮತ್ತೊಂದೆಡೆ ಹಬೆ ಎಂಜಿನ್ ಎಂದಿದೆ. ಮೂರೂ ಒಂದೇನಾ? ಫೈರ್ ಟ್ಯೂಬಿಗೆ 'ನೀರಿನ ಕೊಳವೆ', ಬ್ಲಾಸ್ಟ್ ಪೈಪಿಗೆ 'ಊದುಗೊಳವೆ' ಸರಿಯೇ?

ಉತ್ತರ: ಒಂದೇ ಅಲ್ಲ. ಮೊದಲ ತಕರಾರು 'ಬಂಡಿ'ಯದು. ಬಂಡಿ ಎಂದರೆ ಎಂಜಿನ್, ಡಬ್ಬಿ ಎಲ್ಲ ಸೇರಿದ ಇಡೀ ಗಾಡಿ. ಮ್ಯೂಸಿಯಂನಲ್ಲಿ ಒಂಟಿಯಾಗಿ ನಿಂತಿರುವುದು ಅದನ್ನು ಎಳೆಯುತ್ತಿದ್ದ ಎಂಜಿನ್ ಮಾತ್ರ. 'ಉಗಿ ಎಂಜಿನ್' ಎಂದೇ ಬರೆಯಿರಿ.

ಹೊಗೆಬಂಡಿ ಕಣ್ಣಿಗೆ ಕಂಡದ್ದರಿಂದ ಹುಟ್ಟಿದ ಹೆಸರು. ನಮ್ಮ ಕಡೆಯ ತೆಲುಗು ಮನೆಮಾತಿನವರ ಪೊಗಬಂಡಿ, ತಮಿಳಿನ ಪುಗೈವಂಡಿ ಇದರ ನೆಂಟರು. ಹಳಗನ್ನಡದ ಪಾಲ್ ಹಾಲಾದ ಹಾಗೆ ಪೊಗೆ ಹೊಗೆಯಾಯಿತು. ಬಂಗಾರಪೇಟೆಯಿಂದ ಕೋಲಾರ, ಚಿಕ್ಕಬಳ್ಳಾಪುರದ ಮೇಲೆ ಯಲಹಂಕಕ್ಕೆ 762 ಮಿ.ಮೀ. ಹಳಿಯಲ್ಲಿ ಓಡುತ್ತಿದ್ದ ಪುಟ್ಟ ಗಾಡಿಯ ಮಾತು ಬಂದಾಗ ಈ ಪದವನ್ನು ಖಂಡಿತ ಬಳಸಿ, ಅದು ಈ ನೆಲದ ಮಾತು. ಎಂಜಿನ್ನಿನ ಕೆಲಸ ವಿವರಿಸುವಾಗ ಬೇಡ, ಗಾಡಿಯನ್ನು ಎಳೆಯುವುದು ಹೊಗೆಯಲ್ಲ.

ಉಗಿ, ಹಬೆ ನಿಘಂಟಿನಲ್ಲಿ ಸಮಾನಾರ್ಥಕಗಳೇ. ಆದರೂ ಈ ಪಟ್ಟಿಯಲ್ಲಿ ಬೇರೆ ಬೇರೆ ಇಟ್ಟರೆ ಮಕ್ಕಳಿಗೆ ಉಪಕಾರ. ಹಿಂದೆ ನಮ್ಮ ಪ್ರಯಾಣಿಕ ಗಾಡಿಗಳನ್ನು ಎಳೆಯುತ್ತಿದ್ದ ಡಬ್ಲ್ಯೂಪಿ, ವೈಪಿ ಜಾತಿಯ ಉಗಿ ಎಂಜಿನ್‌ಗಳ ಬಾಯ್ಲರ್ ಒತ್ತಡ ಚದರ ಅಂಗುಲಕ್ಕೆ 210 ಪೌಂಡ್. ಅಷ್ಟು ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಲ್ಲಿ ಹುಟ್ಟುವುದು ಕಣ್ಣಿಗೆ ಕಾಣುವುದೇ ಇಲ್ಲ. ಪಿಸ್ಟನ್ ತಳ್ಳುವ ಅದನ್ನು ಉಗಿ ಎನ್ನಿ. ಹೊರಬಂದು ತಣಿದು ಸಣ್ಣ ಹನಿಗಳಾಗಿ ಬೆಳ್ಳಗೆ ಕಾಣುವುದು ಹಬೆ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಕಾಣುತ್ತದಲ್ಲ, ಅದೇ. ಒಂದು ಎಚ್ಚರಿಕೆ: ಉಗಿಯನ್ನು ನಾಮಪದವಾಗಿಯೇ ಬಳಸಿ. 'ಎಂಜಿನ್ ಉಗಿಯುತ್ತದೆ' ಎಂದರೆ ಅರ್ಥ ಉಗುಳುವುದಕ್ಕೋ ಬೈಯುವುದಕ್ಕೋ ಜಾರುತ್ತದೆ. 'ಉಗಿ ಬಿಡುತ್ತದೆ' ಸರಿ.

'ನೀರಿನ ಕೊಳವೆ' ಪೂರ್ತಿ ತಪ್ಪು. ರೈಲು ಎಂಜಿನ್ನಿನ ಬಾಯ್ಲರ್‌ನಲ್ಲಿ ಒಲೆಯಿಂದ ಬಂದ ಬಿಸಿ ಅನಿಲ ಕೊಳವೆಗಳ ಒಳಗೆ ಹರಿಯುತ್ತದೆ, ನೀರು ಅವುಗಳ ಹೊರಗೆ ಸುತ್ತ ನಿಂತಿರುತ್ತದೆ. 'ಬೆಂಕಿಗೊಳವೆ' ಎನ್ನಿ. 'ಹೊಗೆಕೊಳವೆ' ಬೇಡ, ಆ ಪದ ಮೇಲಿನ ಚಿಮಣಿಗೆ ಬೇಕು.

ಊದುಗೊಳವೆ ಸೊಗಸಾದ ಪದ, ಆದರೆ ದಾರಿ ತಪ್ಪಿಸುತ್ತದೆ. ಅಡುಗೆಮನೆಯ ಊದುಗೊಳವೆ ಒಲೆಗೆ ಗಾಳಿ ನೂಕುತ್ತದೆ. ಬ್ಲಾಸ್ಟ್ ಪೈಪ್ ಇರುವುದು ಎಂಜಿನ್ನಿನ ಇನ್ನೊಂದು ತುದಿಯಲ್ಲಿ, ಚಿಮಣಿಯ ಬುಡದ ಸ್ಮೋಕ್‌ಬಾಕ್ಸಿನಲ್ಲಿ. ಸಿಲಿಂಡರಿನಲ್ಲಿ ಕೆಲಸ ಮುಗಿಸಿದ ಉಗಿ ಅದರ ಬಾಯಿಂದ ಚಿಮಣಿಗೆ ರಭಸದಿಂದ ನುಗ್ಗಿ ಹೊಗೆಯನ್ನೂ ಎಳೆದೊಯ್ಯುತ್ತದೆ. ಅಲ್ಲಿ ಒತ್ತಡ ತಗ್ಗಿ ಒಲೆಗೆ ಹೊಸ ಗಾಳಿ ತಾನಾಗಿ ಬರುತ್ತದೆ. ಅಂದರೆ ಊದುವುದು ಚಿಮಣಿಗೆ, ಒಲೆಗೆ ಸಿಗುವುದು ಸೆಳೆತ. ಏರಿನಲ್ಲಿ ಉಗಿ ಹೆಚ್ಚು ಖರ್ಚಾದಷ್ಟೂ ಒಲೆ ಹೆಚ್ಚು ಉರಿಯುವುದು, ಛುಕ್ ಛುಕ್ ಸದ್ದು ಬರುವುದು ಇದರಿಂದಲೇ. ನನ್ನ ಸೂಚನೆ 'ಸೆಳೆಗೊಳವೆ'. ಹೊಗೆಯೂ ಹಬೆಯೂ ಒಂದೇ ಚಿಮಣಿಯಿಂದ ಏಕೆ ಬರುತ್ತವೆ ಎಂಬುದಕ್ಕೂ ಆಗ ಉತ್ತರ ಸಿಗುತ್ತದೆ.

ಮರುಪ್ರಶ್ನೆ: ಹಾಗಾದರೆ ಸ್ಮೋಕ್‌ಬಾಕ್ಸ್?

ಉತ್ತರ: 'ಹೊಗೆಪೆಟ್ಟಿಗೆ' ಸಾಕು. ಜೊತೆಗೆ ಒಂದು ಸಾಲು ಸೇರಿಸಿ: ಬಯಲಲ್ಲಿ ನಿಂತ ಎಂಜಿನ್ ಒಳಗಿನಿಂದ ತುಕ್ಕು ಹಿಡಿಯುವುದು ಮುಖ್ಯವಾಗಿ ಇಲ್ಲೇ. ತಳದಲ್ಲಿ ಉಳಿದ ಕಲ್ಲಿದ್ದಲ ಬೂದಿಯ ಗಂಧಕಕ್ಕೆ ಮಳೆನೀರು ಸೇರಿ ಆಮ್ಲವಾಗುತ್ತದೆ, ತಗಡು ತೂತು ಬೀಳುತ್ತದೆ. ಬೂದಿ ಪೂರ್ತಿ ಕೆರೆದು ಒಣಗಿಸಿ, ಚಿಮಣಿಗೆ ಮುಚ್ಚಳ ಹಾಕಬೇಕು. ಅದಕ್ಕೆ 'ಟೋಪಿ' ಎಂದರೆ ಮಕ್ಕಳಿಗೆ ಅರ್ಥವಾಗುತ್ತದೆ.