ಅಪ್‌ಡೇಟ್: ಇನ್‌ಲೈನ್ ಫಂಕ್ಷನ್ ಈಗ ಲಿಂಕ್ ಆಗುತ್ತಿದೆ

ತೀರ್ಥಹಳ್ಳಿ ಹತ್ತಿರದ ನಮ್ಮ ಅಡಿಕೆ ತೋಟಕ್ಕೆ ಮಳೆ ಮಾಪಕ ಮಾಡುತ್ತಿದ್ದೇನೆ. ಅದರ ಎಣಿಕೆಯನ್ನು ಮಿಲಿಮೀಟರ್‌ಗೆ ಬದಲಿಸುವ ಪುಟ್ಟ ಸಿ ಫಂಕ್ಷನ್‌ಗೆ ಬರೀ 'ಇನ್‌ಲೈನ್' (ಕರೆದ ಕಡೆಯೇ ಫಂಕ್ಷನ್ ಕೋಡ್ ಸೇರಿಸು ಅನ್ನೋ ಸೂಚನೆ) ಹಾಕಿ, ಹಲವು ಸಿ ಫೈಲುಗಳು ಸೇರಿಸಿಕೊಳ್ಳುವ ಹೆಡರ್ ಫೈಲಿನಲ್ಲಿಟ್ಟಿದ್ದೆ. ಕಂಪೈಲರ್‌ನ ಆಪ್ಟಿಮೈಸೇಶನ್ (ಕೋಡ್ ಚುರುಕಾಗಿಸುವ ಆಯ್ಕೆ) ಇದ್ದರೆ ಸರಿ, ತೆಗೆದರೆ 'ಅನ್‌ಡಿಫೈನ್ಡ್ ರೆಫರೆನ್ಸ್', ಅಂದರೆ ಕರೆದ ಫಂಕ್ಷನ್ ಸಿಗಲಿಲ್ಲ ಅನ್ನೋ ದೋಷ. ಯಾಕೆ ಅಂತ ಕೇಳಿದ್ದೆ. 'ಸ್ಟ್ಯಾಟಿಕ್ ಇನ್‌ಲೈನ್' ಮಾಡಿ ಅಂದವರಿಗೆ ತುಂಬಾ ಥ್ಯಾಂಕ್ಸ್, ಕೆಲಸ ಆಯಿತು.

ಕಾರಣವೂ ಗೊತ್ತಾಯಿತು. ಇನ್‌ಲೈನ್ ಅನ್ನೋದು ಸಲಹೆ ಮಾತ್ರ, ಕಂಪೈಲರ್ ಒಪ್ಪಲೇಬೇಕು ಅಂತಿಲ್ಲ. ಆಪ್ಟಿಮೈಸೇಶನ್ ಇಲ್ಲದಾಗ ಜಿಸಿಸಿ ಕಂಪೈಲರ್ ಮಾಮೂಲಿ ಫಂಕ್ಷನ್ ತರಹ ಕರೆ ಹಾಕುತ್ತದೆ. ಆದರೆ ಸಿ99 (ಸಿ ಭಾಷೆಯ 1999ರ ಮಾನದಂಡ) ನಿಯಮದ ಪ್ರಕಾರ ಬರೀ ಇನ್‌ಲೈನ್ ಇದ್ದರೆ ಹೊರಗಿನಿಂದ ಕರೆಯಬಹುದಾದ ಪ್ರತಿ ಹುಟ್ಟುವುದೇ ಇಲ್ಲ. ಕಂಪೈಲ್ ಆದ ಫೈಲುಗಳನ್ನು ಜೋಡಿಸುವ ಲಿಂಕರ್‌ಗೆ ಸಿಗೋದಾದರೂ ಎಲ್ಲಿಂದ, ಅಲ್ವಾ? ಸ್ಟ್ಯಾಟಿಕ್ ಹಾಕಿದರೆ ಪ್ರತಿ ಫೈಲಿಗೂ ಅದರದ್ದೇ ಪ್ರತಿ. ಇನ್ನೊಂದು ದಾರಿ, ಒಂದೇ ಒಂದು ಸಿ ಫೈಲಿನಲ್ಲಿ 'ಎಕ್ಸ್‌ಟರ್ನ್ ಇನ್‌ಲೈನ್' ಘೋಷಣೆ ಕೊಡುವುದು. ಹಳೇ ಕೋಡ್ ಸುಮ್ನೆ ಕಂಪೈಲ್ ಆಗುತ್ತಿದ್ದುದಕ್ಕೂ ಕಾರಣವಿದೆ: 2015ರ ಜಿಸಿಸಿ 5ಕ್ಕೆ ಮುಂಚೆ ಡೀಫಾಲ್ಟ್ ಆಗಿ ಜಿಸಿಸಿಯದೇ ಹಳೇ ಗ್ನೂ ನಿಯಮ ನಡೆಯುತ್ತಿತ್ತು, ಅದರಲ್ಲಿ ಬರೀ ಇನ್‌ಲೈನ್ ಇದ್ದರೂ ಹೊರಗಿನ ಪ್ರತಿ ಹುಟ್ಟುತ್ತಿತ್ತು.

ಫಂಕ್ಷನ್ ಬದಲು ಮ್ಯಾಕ್ರೋ (ಕಂಪೈಲ್‌ಗೆ ಮುಂಚೆ ಪಠ್ಯವನ್ನೇ ಬದಲಿಸಿ ಹಾಕುವ ವಿಧಾನ) ಬಳಸಿ ಅಂತ ಒಬ್ಬರು ಹೇಳಿದ್ದರು. ನನಗೆ ಅದು ಬೇಡ. ಮ್ಯಾಕ್ರೋಗೆ 'ಎಣಿಕೆ++' (ಎಣಿಕೆಯನ್ನು ಒಂದು ಏರಿಸು) ಕೊಟ್ಟರೆ ಎರಡು ಸಲ ಏರುವ ಅಪಾಯವಿದೆ, ಟೈಪ್ ಪರೀಕ್ಷೆಯೂ ಇಲ್ಲ.

ಡಿಸ್‌ಪ್ಲೇಗೆ ಬರೆಯುವ ದೊಡ್ಡ ಫಂಕ್ಷನ್ ಮಾತ್ರ ಮಾಮೂಲಿಯಾಗಿಯೇ ಉಳಿಸಿದ್ದೇನೆ. ಅದನ್ನು ತುಂಬಾ ಕಡೆ ಕರೆಯುತ್ತೇನೆ. ನನ್ನ ಎಟಿಮೆಗಾ328 ಚಿಪ್‌ನಲ್ಲಿ ಫ್ಲಾಶ್ (ಪ್ರೋಗ್ರಾಂ ಇಡುವ ಮೆಮೊರಿ) ಇರುವುದೇ 32 ಕೆಬಿ, ಕರೆದ ಕಡೆಯೆಲ್ಲ ಪ್ರತಿ ಮಾಡಿದರೆ ಜಾಗ ಜಾಸ್ತಿ ಹೋಗುತ್ತದೆ.